ಎಡಕ್ಕೆ ನಲವತ್ತು, ಬಲಕ್ಕೆ ಅರವತ್ತು

ನನ್ನ ಭಾವ ಜೀವನದಲ್ಲಿ ಒಂದೇ ಒಂದು ಬೇಸ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವರಲ್ಲ. ಒಂದು ತಂಡದಲ್ಲಿ ಎಷ್ಟು ಜನ ಎಂದು ಕೇಳಿದರೆ, "ಅದೆಲ್ಲ ಆಡುವವರಿಗೆ ಬೇಕಾದದ್ದು ಮಾರಾಯ" ಎನ್ನುತ್ತಾರೆ. ಆದರೂ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ಅವರ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಅಮೆರಿಕದ ಇನ್ನೂರ ಹನ್ನೊಂದು ಬೇಸ್‌ಬಾಲ್ ಆಟಗಾರರು ವಾಸವಾಗಿದ್ದಾರೆ. ನಾನು ಹೋದರೆ ಮಲಗಲು ಸೋಫಾ. ಅವರಿಗೆ ಕಪಾಟು, ಇಪ್ಪತ್ನಾಲ್ಕು ಗಂಟೆ ಏಸಿ, ತೇವ ಹೀರುವ ಪುಡಿಯ ಚೀಲಗಳು.

ಆಟಗಾರರೆಂದರೆ ಅವರ ಚಿತ್ರವಿರುವ ಕಾರ್ಡುಗಳು. ಇಸ್ಪೀಟೆಲೆಯಷ್ಟು ದೊಡ್ಡವು. ಕೆಲಸ ಬಿಟ್ಟು ಹೊರಟ ಅಮೆರಿಕದ ಇಂಜಿನಿಯರೊಬ್ಬರು ಒಂದು ಶೂ ಡಬ್ಬಿಯ ತುಂಬ ಇವನ್ನು ಭಾವನ ಕೈಗಿಟ್ಟು ಹೋದರು. ಬೇರೆಯವರಾಗಿದ್ದರೆ ಕಟ್ಟಡದ ಮಕ್ಕಳಿಗೆ ಹಂಚುತ್ತಿದ್ದರು. ಭಾವ ಟಾರ್ಚ್ ಹಚ್ಚಿದರು.

ಟಾರ್ಚ್ ಅವರ ಕಸುಬು. ಹೊಸ ಕಟ್ಟಡದ ಫ್ಲಾಟುಗಳನ್ನು ಮಾಲೀಕರಿಗೆ ಒಪ್ಪಿಸುವ ಮೊದಲು ಒಳಹೊಕ್ಕು, ಗೋಡೆಗೆ ಓರೆಯಾಗಿ ಬೆಳಕು ಹಿಡಿದು, ಬಣ್ಣದ ಗೀರು, ಟೈಲ್ಸಿನ ಬಿರುಕು, ಸರಿಯಾಗಿ ಮುಚ್ಚದ ಬಾಗಿಲು ಇವನ್ನೆಲ್ಲ ಪಟ್ಟಿ ಮಾಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ತಪ್ಪು ಹುಡುಕಿಯೇ ಉಂಡವರು. ಕಾರ್ಡುಗಳನ್ನು ಅಮೆರಿಕದ ಕಂಪನಿಗೆ ಕಳಿಸಿದರೆ, ಅಲ್ಲಿಯವರು ಭೂತಗನ್ನಡಿಯಲ್ಲಿ ನೋಡಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಯಾರೂ ಮುಟ್ಟಲಾಗದಂತೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ ಎಂದು ತಿಳಿದಾಗ, ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕಷ್ಟು ಸಂತೋಷಪಟ್ಟರು.

ಅಲ್ಲಿ ನೋಡುವುದು ನಾಲ್ಕನ್ನು: ಮೂಲೆ, ಅಂಚು, ಮೈ, ಸೆಂಟರಿಂಗ್. ಸೆಂಟರಿಂಗ್ ಎಂದರೆ ಚಿತ್ರದ ಎಡಬಲಕ್ಕೆ ಬಿಟ್ಟ ಖಾಲಿ ಜಾಗ ಸಮ ಇರಬೇಕು. ಐವತ್ತು-ಐವತ್ತು ಇದ್ದರೆ ಉತ್ತಮ.

ಇದನ್ನು ಅವರು ಕಾರ್ಡಿಗಷ್ಟೇ ಇಟ್ಟುಕೊಂಡಿದ್ದರೆ ನಾನೇಕೆ ಬರೆಯುತ್ತಿದ್ದೆ? ಅಕ್ಕನ ನೀರುದೋಸೆಗೆ "ಮೈ ಒಂಬತ್ತು, ಅಂಚು ಆರು" ಎನ್ನುತ್ತಿದ್ದರು. ನನಗೆ ಬಂದ ಸಂಬಂಧದ ಹುಡುಗಿಯ ಫೋಟೋವನ್ನು ಟಾರ್ಚಿನಡಿ ಹಿಡಿದು, "ಬಲಬದಿಯಲ್ಲಿ ಯಾರನ್ನೋ ಕತ್ತರಿಸಿ ತೆಗೆದಿದ್ದಾರೆ" ಎಂದರು. ಆ ಮಾತು ಹುಡುಗಿಯ ಮನೆಗೆ ಮುಟ್ಟಿತು. ಸಂಬಂಧ ಖಲಾಸ್. ನಾನು ದುಬೈಯ ಸತ್ವಾದಲ್ಲಿ, ಆರು ಜನರಿರುವ ವಿಲ್ಲಾದ ಒಂದು ಕೋಣೆಯಲ್ಲಿ, ಇವತ್ತಿಗೂ ಒಬ್ಬನೇ ಇದ್ದೇನೆ.

ಅಕ್ಕನಿಗೂ ಬಿಡುತ್ತಿರಲಿಲ್ಲ. ಅವಳ ಕುಂಕುಮ ಯಾವಾಗಲೂ, ನೋಡುವವರಿಗೆ, ತುಸು ಎಡಕ್ಕೆ ಇರುತ್ತಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, ಟಿಫಿನ್ ಹಿಡಿದು ಬಾಗಿಲಲ್ಲಿ ನಿಂತ ಅವಳ, ತಮ್ಮ ಗಲ್ಲದೆತ್ತರಕ್ಕೆ ಬರುವ ಹಣೆಯನ್ನು ದಿಟ್ಟಿಸಿ ಭಾವ ಹೇಳುತ್ತಿದ್ದರು:

"ಎಡಕ್ಕೆ ನಲವತ್ತು, ಬಲಕ್ಕೆ ಅರವತ್ತು."

"ಐವತ್ತು-ಐವತ್ತು ಇಡುವವಳನ್ನು ಹುಡುಕಿಕೊಳ್ಳಿ, ಹೋಗಿ. ಟಿಫಿನ್ ಮಾತ್ರ ಇಲ್ಲಿ ಬಿಟ್ಟು ಹೋಗಿ."

ಹೀಗೆ ಹದಿನೆಂಟು ವರ್ಷ.

ಮುಂದಿನದರಲ್ಲಿ ನಾನು ಕಂಡದ್ದು, ಕೇಳಿದ್ದು ಮಾತ್ರ ಉಂಟು.

ಅದುವರೆಗಿನ ಇನ್ನೂರ ಹತ್ತು ಕಾರ್ಡುಗಳಲ್ಲಿ ಒಂದಕ್ಕೂ ಹತ್ತು ಬಂದಿರಲಿಲ್ಲ. ಕಳೆದ ವರ್ಷ ಅವರಿಗೆ ಒಬ್ಬ ಹೊಸ ಆಟಗಾರನ ಮೊದಲ ಕಾರ್ಡು ಸಿಕ್ಕಿತು. ಮೂರು ವಾರ ಪರೀಕ್ಷಿಸಿ, "ಇದು ಹತ್ತು" ಎಂದರು. ಮರುದಿನ ಅಮೆರಿಕಕ್ಕೆ ಕಳಿಸಲೆಂದು ಮೇಜಿನ ಮೇಲೆ ಟಾರ್ಚ್, ಭೂತಗನ್ನಡಿ, ಅಡಿಪಟ್ಟಿಗಳ ಸಾಲಿನಲ್ಲಿ ತೆಗೆದಿಟ್ಟು, ಕಾರು ತೊಳೆಯಲು ಕೆಳಗೆ ಹೋದರು. ಅಂದು ಆಯುಧ ಪೂಜೆ. ನಾನೂ ಅಲ್ಲಿದ್ದೆ. ಅಕ್ಕ ಮಿಕ್ಸಿಗೆ ಇಟ್ಟಳು, ಇಸ್ತ್ರಿ ಪೆಟ್ಟಿಗೆಗೆ ಇಟ್ಟಳು, ಲ್ಯಾಪ್‌ಟಾಪಿಗೆ ಇಟ್ಟಳು. ಮೇಜಿಗೆ ಬಂದು ಟಾರ್ಚಿಗೆ, ಭೂತಗನ್ನಡಿಗೆ, ಅಡಿಪಟ್ಟಿಗೆ, ಆಮೇಲೆ ಕಾರ್ಡಿಗೆ. ಗಂಧದಲ್ಲಿ ಕಲಸಿದ ಕುಂಕುಮ, ಆಟಗಾರನ ಟೋಪಿಯ ಮೇಲೆ, ತುಸು ಎಡಕ್ಕೆ. ನಾನು ನೋಡುತ್ತಿದ್ದೆ. ತಡೆಯಬೇಕೆಂದು ನನಗೂ ಹೊಳೆಯಲಿಲ್ಲ.

ಭಾವ ಬಂದು ನೋಡಿದರು. "ಎಂತ ಮಾಡಿದ್ದು ಇದು?"

"ನಿಮ್ಮ ಆಯುಧಕ್ಕೆಲ್ಲ ಇಟ್ಟೆ. ಎಂತ ಆಯ್ತು? ಒರೆಸಿದ್ರೆ ಹೋಗ್ತದೆ."

"ಒರೆಸಿದ್ದು ಅವರಿಗೆ ಗೊತ್ತಾಗ್ತದೆ. ಒರೆಸಿದ ಕಾರ್ಡಿಗೆ ನಂಬರೇ ಇಲ್ಲ."

ಕೂಗಾಡಲಿಲ್ಲ. ಮಾತೂ ಬಿಡಲಿಲ್ಲ. ಉಪ್ಪು, ಬೀಗದ ಕೀ, ನೀರಿನ ಕ್ಯಾನು, ಇವುಗಳ ಬಗ್ಗೆ ಮಾತಾಡಿದರು. ಬೆಳಿಗ್ಗೆ ಬಾಗಿಲಲ್ಲಿ ಅಂಕ ಹೇಳುವುದನ್ನು ಮಾತ್ರ ನಿಲ್ಲಿಸಿದರು. ಅಕ್ಕ ಫೋನಿನಲ್ಲಿ ನಕ್ಕಳು: "ದಿನಾ ಹಣೆ ತೋರಿಸಿಕೊಂಡು ನಿಲ್ತೇನೆ ಮಾರಾಯ. ಮಾರ್ಕೇ ಕೊಡುದಿಲ್ಲ ನಿನ್ನ ಭಾವ."

ಹದಿನಾರು ದಿನ ಹಾಗೆ ಹೋಯಿತು. ಹದಿನೇಳನೆಯ ದಿನ, ಮಂಗಳವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅಕ್ಕ ಅಡುಗೆಮನೆಯಲ್ಲಿ ಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಸಂಜೆಗೆ ಎಲ್ಲ ಮುಗಿದಿತ್ತು.

ಉಡುಪಿಗೆ ಕೊಂಡುಹೋದೆವು. ಅಲ್ಲಿ ಹೆಂಗಸರು ಅವಳಿಗೆ ಸೀರೆ ಹೊದಿಸಿ, ಹಣೆಯ ನಟ್ಟ ನಡುವೆ ದೊಡ್ಡ ಕುಂಕುಮ ಇಟ್ಟರು. ಭಾವ ಬಗ್ಗಿ ನೋಡಿದರು. "ಇದು ಸರಿ ಇಲ್ಲ" ಎಂದರು. "ಎಂತ ಸರಿ ಇಲ್ಲ?" ಎಂದು ಚಿಕ್ಕಮ್ಮ ಕೇಳಿದರು. ತಲೆ ಕೆಟ್ಟಿದೆ, ಪಾಪ ಎಂದು ಯಾರೋ ಅವರನ್ನು ಹೊರಗೆ ಕರೆದುಕೊಂಡು ಹೋದರು.

ಕಾರ್ಯಗಳನ್ನು ಮುಗಿಸಿ ಅಬುಧಾಬಿಗೆ ಅವರ ಜೊತೆ ನಾನೇ ಬಂದೆ. ಕಾರ್ಡು ಮೇಜಿನ ಮೇಲೆ ಹಾಗೇ ಇತ್ತು. ಇವರಿಗೆ ಇದೊಂದನ್ನಾದರೂ ಸರಿಮಾಡಿ ಕೊಡೋಣ ಎಂದುಕೊಂಡೆ. ಅವರು ಸ್ನಾನಕ್ಕೆ ಹೋದಾಗ ಕನ್ನಡಕ ಒರೆಸುವ ಬಟ್ಟೆ ತೆಗೆದು, ಬಾಯಿಯಿಂದ ಒಂದಿಷ್ಟು ಬಿಸಿಗಾಳಿ ಊದಿ, ಕುಂಕುಮದ ಅಂಚಿನಿಂದ ಶುರುಮಾಡಿದೆ.

"ಕೈ ತೆಗಿ."

ಒದ್ದೆ ಮೈಯಲ್ಲೇ ಹಿಂದೆ ನಿಂತಿದ್ದರು. ಬಟ್ಟೆಯ ಮೇಲೆ ಎಳ್ಳಿನಷ್ಟು ಕೆಂಪು ಬಂದಿತ್ತು. ಅವರು ಟಾರ್ಚನ್ನು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು.

"ಸ್ವಲ್ಪವೇ ಹೋದದ್ದು. ಕಾರ್ಡಿಗೆ ತಾಗಿಲ್ಲ" ಎಂದರು. ಆಮೇಲೆ ಆ ಬಟ್ಟೆಯನ್ನೂ ನನ್ನಿಂದ ತೆಗೆದುಕೊಂಡರು.

ಮರುದಿನ ಕಾರ್ಡನ್ನು ಅಮೆರಿಕಕ್ಕೆ ಕಳಿಸಲು ಪೊಟ್ಟಣ ಕಟ್ಟತೊಡಗಿದರು.

"ಭಾವ, ಇದಕ್ಕೆ ಒಂದು ಕೂಡ ಬರ್ಲಿಕ್ಕಿಲ್ಲ."

"ನಂಬರಿಗಲ್ಲ ಮಾರಾಯ. ಪೆಟ್ಟಿಗೆಗೆ. ಒಳಗೆ ಹಾಕಿ ಮುಚ್ಚಿದ ಮೇಲೆ ಯಾರೂ ಒರೆಸ್ಲಿಕ್ಕೆ ಆಗುದಿಲ್ಲ."

ಮೂರು ತಿಂಗಳಿಗೆ ಬಂತು. ಹತ್ತಕ್ಕೆ ಒಂದು. ಅದಕ್ಕಿಂತ ಕೆಳಗೆ ಅಂಕವಿಲ್ಲ. ಭಾವ ಭೂತಗನ್ನಡಿ ಹಿಡಿದು ನೋಡಿ, "ಸರಿಯಾಗಿ ನೋಡಿದ್ದಾರೆ. ಮೋಸ ಇಲ್ಲ" ಎಂದರು. ಉಳಿದ ಇನ್ನೂರ ಹತ್ತು ಕಪಾಟಿನಲ್ಲೇ ಇವೆ. ಇದನ್ನು ಮಾತ್ರ ಬಾಗಿಲ ಬದಿಯ ಗೋಡೆಗೆ ಒಂದು ಸಣ್ಣ ಹಲಗೆ ಹೊಡೆದು ನಿಲ್ಲಿಸಿದರು. ಹಲಗೆಯ ಎತ್ತರ ಅಳೆಯುವಾಗ ಅಡಿಪಟ್ಟಿ ತೆಗೆದುಕೊಳ್ಳಲಿಲ್ಲ. ತಮ್ಮ ಗಲ್ಲದ ಹತ್ತಿರ ಅಂಗೈ ಅಡ್ಡ ಹಿಡಿದು, ಅಷ್ಟಕ್ಕೆ ಗುರುತು ಹಾಕಿದರು.

ಸೋಮವಾರ ಬೆಳಿಗ್ಗೆ ನಾನು ಸೋಫಾದ ಮೇಲಿದ್ದೆ. ಭಾವ ಶೂ ಹಾಕಿಕೊಂಡು, ಟಾರ್ಚನ್ನು ಜೇಬಿಗಿಟ್ಟು, ಬಾಗಿಲು ತೆರೆದು, ನಿಂತು, ಹಲಗೆಯ ಕಡೆ ತಿರುಗಿದರು.

"ಎಡಕ್ಕೆ ನಲವತ್ತು, ಬಲಕ್ಕೆ ಅರವತ್ತು."

ಹೊರಡಲಿಲ್ಲ. ಲಿಫ್ಟ್ ಬಂದು, ಬಾಗಿಲು ತೆರೆದು, ಮುಚ್ಚಿಕೊಂಡು ಕೆಳಗೆ ಹೋದದ್ದು ನನಗೆ ಕೇಳಿಸಿತು. ಅವರು ಬೈಸಿಕೊಳ್ಳಲು ಕಾಯುವವರ ಹಾಗೆ ಅಲ್ಲೇ ನಿಂತಿದ್ದರು.