ಡಬ್ಬಿ ನೋಡಿ ಕೆಲಸ ಕೊಡುವವಳು

ದಿನಾ ಬೆಳಿಗ್ಗೆ ಮೂವತ್ತು ಜನರ ಊಟದ ಡಬ್ಬಿಯ ಮುಚ್ಚಳ ತೆಗೆದು ಇಣುಕುವ ಹೆಂಗಸನ್ನು ನೀವು ಏನಂತ ಕರೆಯುತ್ತೀರಿ? ಹಾರೋಹಳ್ಳಿಯ ನಮ್ಮ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಅಂತ ಕರೆಯುತ್ತಾರೆ. ನಾನು ಅಕ್ಕ ಅಂತೀನಿ.

ಇಬ್ಬರೂ ಮರಳವಾಡಿಯ ಒಂದೇ ಮನೆಯಿಂದ ಒಂದೇ ಬಸ್ಸಿಗೆ ಹೋಗುತ್ತೇವೆ. ಅವಳು ಓದಿದ್ದು ಐದನೇ ಕ್ಲಾಸು, ನಾನು ಏಳು. ಈ ಎರಡು ಕ್ಲಾಸಿನ ಜಂಬ ನನಗೆ ಎಷ್ಟಿತ್ತು ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ಇದ್ದರೆ ಮನೆ ನೆಟ್ಟಗಿದೆ ಅಂತ ಅಕ್ಕನ ಲೆಕ್ಕ. ಅವರಿಗೆ ಶರ್ಟಿನ ಕಾಲರ್ ಕೂರಿಸುವ ಕಷ್ಟದ ಕೆಲಸ. ಬರೀ ಅನ್ನ, ಉಪ್ಪಿನಕಾಯಿ ಇದ್ದರೆ ಮನೆಯಲ್ಲಿ ಜಗಳ, ಅವರಿಗೆ ಗುಂಡಿ ಹಾಕುವ ಹಗುರ ಕೆಲಸ. ಡಬ್ಬಿ ಖಾಲಿ ಇದ್ದರೆ? ಏನೂ ಕೇಳುವುದಿಲ್ಲ. "ಇವತ್ತು ನಿಂಗೆ ದಾರ ಕತ್ತರ್ಸೋದು, ಬಾ ಕೂತ್ಕೋ" ಅಂತ ಪಕ್ಕದಲ್ಲಿ ಕೂರಿಸಿಕೊಂಡು, ಮಧ್ಯಾಹ್ನ ತನ್ನ ಊಟದಲ್ಲಿ ಅರ್ಧ ಅವರ ಕಡೆ ತಳ್ಳುತ್ತಾಳೆ.

ಒಬ್ಬಳು ಹಗುರ ಕೆಲಸದ ಆಸೆಗೆ ಬೇಕಂತಲೇ ಬರೀ ಉಪ್ಪಿನಕಾಯಿ ತಂದಿದ್ದಳು. ಅಕ್ಕ ಮುಚ್ಚಳ ಹಾಕಿ, "ಜಗಳ ಆಡಿ ಬಂದೋಳು ಎಲ್ಡು ಮೊಳ ಹೂವ ಮುಡಿಯಲ್ಲ ಕಣಮ್ಮಿ, ಕಾಲರಿಗೆ ಹೋಗು" ಅಂದಳು.

ಒಮ್ಮೆ ಬೆಂಗಳೂರಿಂದ ಟ್ರೈನಿಂಗ್ ಕೊಡುವವರು ಬಂದರು. ಜನ ಯಾಕೆ ಮನಸ್ಸಿಟ್ಟು ಕೆಲಸ ಮಾಡುತ್ತಾರೆ ಅಂತ ಪರದೆ ಮೇಲೆ ಬಾಣ, ತ್ರಿಕೋನ ಎಲ್ಲ ತೋರಿಸಿ, ಅಕ್ಕನನ್ನೇ ಉತ್ತರ ಕೇಳಿದರು. ಇವಳು ಎದ್ದು ನಿಂತು, ಸಾರ್ ತಿಂಡಿ ಆಯ್ತಾ ಅಂತ ಕೇಳಬೇಕೇ! ಆಗಿರಲಿಲ್ಲ. ಇವಳ ಚಿತ್ರಾನ್ನ ತಿಂದ ಮೇಲೆ ಆ ಮನುಷ್ಯ ಒಂದೂವರೆ ಗಂಟೆ ಜಾಸ್ತಿ ಪಾಠ ಮಾಡಿದ.

ಇಂಥವಳಿಗೂ ಒಂದು ಆಸೆ ಇತ್ತು. ನಾಲ್ಕೂ ಹೊಲಿಗೆ ಲೈನ್ ನೋಡಿಕೊಳ್ಳುವ ಫ್ಲೋರ್ ಇನ್‌ಚಾರ್ಜ್ ಜಾಗ ಖಾಲಿಯಾದಾಗ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ಕೊಟ್ರೆ ಮಾಡ್ತೀನಿ ಕಣಮ್ಮಿ. ನಾಕು ಲೈನಿನ ಡಬ್ಬೀನೂ ನೋಡ್ಬೋದು" ಅಂದಿದ್ದಳು.

ಅವಳು ಕಬ್ಬಾಳಮ್ಮನ ಹರಕೆಗೆ ರಜೆ ಹಾಕಿದ ದಿನವೇ ಮ್ಯಾನೇಜರ್ ನನ್ನನ್ನು ಕರೆದು, ನಿಮ್ಮಕ್ಕ ಒಪ್ತಾಳಾ ಅಂತ ಕೇಳಿದರು. ನಾನು ಏನು ಹೇಳಿದೆ ಗೊತ್ತೇ?

"ಅವ್ಳಿಗೆ ಅದೆಲ್ಲ ಬೇಡ್ವಂತೆ ಸಾರ್. ಓದೂ ಸಾಲ್ದು."

ಏಳು ಓದಿದ್ದೀಯಲ್ಲ ಅಂತ ಆ ಕೆಲಸ ನನಗೇ ಬಂತು. ಅಕ್ಕ ಊರಿಗೆಲ್ಲ ಮೈಸೂರುಪಾಕು ಹಂಚಿದಳು. ನಾನು ಗಾಲಿ ಕುರ್ಚಿ ಹಾಕಿಸಿಕೊಂಡೆ, ಪೀಪಿ ಕೊಂಡೆ. ಊದಿದರೆ ಎಲ್ಲರೂ ತಲೆಯೆತ್ತಿ ನೋಡೋರು, ಮತ್ತೆ ತಲೆ ತಗ್ಗಿಸೋರು. ಮೂರು ಲೈನ್ ದಿನಾ ಹಿಂದೆ ಬೀಳುತ್ತಿದ್ದವು. ಟಾರ್ಗೆಟ್ ಮುಗಿಸುತ್ತಿದ್ದುದು ಅಕ್ಕನ ಲೈನ್ ಒಂದೇ. ಜನ ಅವಳ ಮಾತು ಕೇಳಿ ನನ್ನ ಮಾತು ಯಾಕೆ ಕೇಳುವುದಿಲ್ಲ ಅಂತ ನಾನು ಕುರ್ಚಿಯಲ್ಲಿ ಸುತ್ತುತ್ತಾ ಯೋಚಿಸಿದ್ದೇ ಯೋಚಿಸಿದ್ದು.

ಹೋದ ವಾರ ಊಟದ ಹೊತ್ತು ಮುಗಿಯುವಾಗ ಅಕ್ಕ ಬಂದು ನನ್ನ ಡಬ್ಬಿಯ ಮುಚ್ಚಳ ತೆಗೆದಳು. ಇನ್‌ಚಾರ್ಜ್ ಡಬ್ಬಿ! ಮುದ್ದೆ ಕಟ್ಟಿದ ಹಾಗೇ ಕೂತಿತ್ತು. ಅಕ್ಕ ನನ್ನ ಕೈಗೆ ಕತ್ತರಿ ಕೊಟ್ಟಳು.

"ಇವತ್ತು ನಿಂಗೆ ದಾರ ಕತ್ತರ್ಸೋದು. ಬಾ ಕೂತ್ಕೋ."

ಲೈನಿಗೆ ಲೈನೇ ನಕ್ಕಿತು. ನಾನು ಹೋಗಿ ಪಕ್ಕದಲ್ಲಿ ಕೂತೆ. ನಾಲ್ಕನೇ ಶರ್ಟಿಗೆ ತಡೆಯಲಾಗಲಿಲ್ಲ. ಅವತ್ತು ಮ್ಯಾನೇಜರ್ ಸಾಹೇಬರಿಗೆ ನಿನಗೆ ಆ ಕೆಲಸ ಬೇಡ್ವಂತೆ ಅಂತ ಸುಳ್ಳು ಹೇಳಿದೆ ಅಕ್ಕ, ಅಂದೆ.

"ಏನೋ ಮಾಡ್ಕೊಂಡಿದ್ದೀಯ ಅಂತ ಗೊತ್ತಿತ್ತು ಕಣಮ್ಮಿ" ಅಂದಳು, ಕೈಯಲ್ಲಿದ್ದ ಶರ್ಟು ಬಿಡದೆ. "ಮೂರ್ ತಿಂಗ್ಳಿಂದ ಡಬ್ಬಿ ಹಂಗೇ ವಾಪಸ್ ಬತ್ತೈತೆ. ತೊಳಿಯೋಳು ನಾನಲ್ವಾ?"

ಆಮೇಲೆ ಶರ್ಟು ಕೆಳಗಿಟ್ಟು, ಮುದ್ದೆ ಮುರಿದು ಸಾರಿಗೆ ಅದ್ದಿ ನನ್ನ ಬಾಯಿಗೆ ಹಿಡಿದಳು.

"ಒಸಿ ತಿನ್ನು. ಆಮ್ಯಾಕೆ ಸಾಹೇಬ್ರ ತಾವ ಹೋಗಿ ಹೇಳೀಯಂತೆ. ಹಸ್ಕೊಂಡು ಹೋಗ್ಬೇಡ."