ವೈರಾಗ್ಯಕ್ಕೆ ಬಂದ ಜವಾಬು

ತತ್ತ್ವಜ್ಞಾನಿಯಾದವನು ನಾಟಕ ಬರೆಯಬಾರದು. ಬರೆದರೂ ಅದರಲ್ಲಿ ಹೆಂಗಸಿನ ಪಾತ್ರ ಇಡಬಾರದು. ನಾನು ಎರಡನ್ನೂ ಮಾಡಿ ಕೆಟ್ಟವನು. ಗೋಕಾಕದ ಸಾಲೆಯಲ್ಲಿ ಮಾಸ್ತರನಾಗಿದ್ದಾಗ ಸಂಸಾರವೆಲ್ಲ ಮಾಯೆಯೆಂದು ನನಗೆ ಖಾತ್ರಿಯಾಗಿಬಿಟ್ಟಿತ್ತು. ರೊಟ್ಟಿ ಮಾಯೆ, ಪಗಾರ ಮಾಯೆ, ಹೆಂಡತಿ ಗೌರವ್ವ ಮಹಾಮಾಯೆ. ರೊಟ್ಟಿಯ ಜೊತೆ ಎಣ್ಣೆಗಾಯಿ ಇಲ್ಲದಿದ್ದರೆ ಸಿಟ್ಟು ಬರುತ್ತಿತ್ತು, ಅದು ಬೇರೆ ಮಾತು. ಅಮಾವಾಸ್ಯೆ ಕಳೆದ ಮೇಲೆ ಹುಕ್ಕೇರಿ ಕಡೆಯ ಒಂದು ಮಠಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತೇನೆ ಎಂದು ಆಕೆಗೆ ಸಾರಿಯೂ ಬಿಟ್ಟೆ. ಆಕೆ ಜೋಳ ಹಸನು ಮಾಡುತ್ತ "ಹೂಂ" ಅಂದಳು. ಪಾಪ, ದುಃಖಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಹೋಗುವ ಮುನ್ನ ಲೋಕಕ್ಕೆ ಒಂದಿಷ್ಟು ಬೋಧೆ ಮಾಡಬೇಕಲ್ಲ! ಮೂಡಲಗಿಯ ಸಣ್ಣಾಟದ ಮೇಳದವರು ಹೊಸ ಆಟ ಕೇಳಿದಾಗ, ಹೆಂಡತಿಯನ್ನು ಬಿಟ್ಟು ವೈರಾಗ್ಯ ಹಿಡಿಯುವ ಗಂಡನ ಕಥೆ ಬರೆದುಕೊಟ್ಟೆ. ಗಂಡನಿಗೆ ಉದ್ದುದ್ದ ಮಾತು, ಹೆಂಡತಿಗೆ ಬರೀ ಅಳು. ಹೆಂಗಸಿನ ವೇಷ ಹಾಕುವವನು ಮೇಲವಂಕಿಯ ಒಕ್ಕಲಿಗ ಸಿದ್ದಪ್ಪ. ತಾಲೀಮಿನಲ್ಲೇ ಸೆರಗು ಕಿತ್ತೊಗೆದ.

"ಏನ್ರೀ ಮಾಸ್ತರ್ರ, ಅಂವ ಅಷ್ಟು ಮಾತಾಡ್ತಾನ, ನಾ ಬರೇ ಅಳಕೋತ ನಿಂದರ್ಲಿ? ನನಗೂ ಜವಾಬ ಬರದ ಕೊಡ್ರಿ. ಇಲ್ಲಾಂದ್ರ ನಾಳಿಂದ ಮೀಸಿ ಬಿಡ್ತೇನಿ!"

ಮೇಳದ ನಾಯಕಿ ಮೀಸೆ ಬಿಟ್ಟರೆ ಆಟ ನಿಂತಂತೆಯೇ. ಬರೆಯಲು ಕೂತೆ. "ಲೋಕ ಸುಳ್ಳಂತೀರಿ, ಹೊತ್ತಿಗೆ ಸರಿಯಾಗಿ ಹಸಿಯೂ ಹೊಟ್ಟಿ ಖರೇನೋ ಸುಳ್ಳೋ?" ಎಂದು ಆಕೆಯಿಂದ ಕೇಳಿಸಿದೆ. ಗಂಡನ ಪರವಾಗಿ ಉತ್ತರ ಹುಡುಕಿದರೆ ಒಂದೂ ಹೊಳೆಯಲೊಲ್ಲದು. "ಇದು ವೈರಾಗ್ಯ ಅಲ್ರಿ, ಮೈಗಳ್ಳತನ" ಎಂದೂ ಆಕೆ ಅಂದಳು. ಬರೆದವನು ನಾನೇ, ಚುಚ್ಚಿದ್ದೂ ನನಗೇ! ಅಷ್ಟು ವರ್ಷ ಓದಿ ಕಟ್ಟಿದ ಸಿದ್ಧಾಂತವನ್ನು ಸಿದ್ದಪ್ಪನ ಹೆಂಗಸು ಎರಡು ಹಾಳೆಯಲ್ಲಿ ಕೆಡವಿಬಿಟ್ಟಳು. ಕೊನೆಗೆ ಗಂಡ ಕಾವಿ ಬಿಟ್ಟು, ಕೊಡ ಹೊತ್ತು, ಬಾವಿಗೆ ಹೊರಟ. ಮೂಡಲಗಿಯಲ್ಲಿ ರಾತ್ರಿಯಿಡೀ ಆಟ ನಡೆಯಿತು, ನೋಡಿದ ಜನ ಸೀಟಿ ಹೊಡೆದರು. ಗೌರವ್ವನೂ ನೋಡಿದಳು.

ಬೆಳಿಗ್ಗೆ ಇಬ್ಬರೂ ಮನೆಗೆ ಬಂದಾಗ, ಚಕ್ಕಡಿಯಿಂದ ಇಳಿದವನೇ ಕಣ್ಣು ತುಂಬಿಕೊಂಡು, "ಗೌರವ್ವಾ, ನಾ ಎಲ್ಲೂ ಹೋಗೂದಿಲ್ಲ" ಅಂದೆ.

ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಯ್ಯ ಶಿವನ! ಕೊಣ್ಣೂರಿಂದ ನಮ್ಮವ್ವನ್ನ ಬಾ ಅಂತ ಹೇಳಿ ಕಳಿಸೇನಲ್ರಿ! ನಿಮ್ಮ ಖೋಲಿ ಸಾರಿಸಿ ಆಕೀ ಹಾಸಗಿ ಹಾಸೇನಿ. ಆ ಆಟದಾಗಿನ ಹೆಂಗಸಿಗೆ ಬುದ್ಧಿ ಐತೇನ್ರಿ? ತಾನಾಗೇ ಹೋಗಾವನ್ನ ಯಾರರ ತಡೀತಾರ?"

ಅತ್ತೆ ಬಂದರು, ನಾನು ಪಡಸಾಲೆಗೆ ಬಂದೆ. ವೈರಾಗ್ಯದ ಬಗ್ಗೆ ಬರೆಯುವ ಅಧಿಕಾರ ಆ ಮನೆಯಲ್ಲಿ ಇದ್ದದ್ದು ಗೌರವ್ವನಿಗೆ. ಆಕೆಗೆ ಪುರಸೊತ್ತಿರಲಿಲ್ಲ, ಹಾಗಾಗಿ ನಾನು ಬರೆದೆ.