ಎರಡು ಕ್ಯಾಮೆರಾ, ಒಂದು ಚಿರತೆ

ತಾನು ಕೊಂಡ ವಸ್ತುವಿನ ವಿಚಾರದಲ್ಲಿ ಸೋಲೊಪ್ಪಿಕೊಂಡ ಗಂಡಸನ್ನು ನಾನಿನ್ನೂ ನೋಡಿಲ್ಲ. ಹೊಗೆಯಾಡುವ ಮಿಕ್ಸಿಯನ್ನೂ “ಮೋಟಾರು ಪವರ್‌ಫುಲ್ಲು ಕಣೇ, ಅದಕ್ಕೇ” ಎಂದು ಹೆಂಡತಿಯ ಮುಂದೆ ಸಮರ್ಥಿಸಿಕೊಂಡವನು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನಿಗೆ ಅಷ್ಟು ಧೈರ್ಯ ಇರಲೇಬೇಕು. ಹಾಗಾಗಿ ಕಳಲೆ ಊರಿನ ನಮ್ಮ ಹೊಲದಲ್ಲಿ ಯಾವುದೋ ಪ್ರಾಣಿ ಗೆಣಸು ಕಿತ್ತು ತಿನ್ನತೊಡಗಿದಾಗ, ಕಾಡಿನಲ್ಲಿ ಮರಕ್ಕೆ ಕಟ್ಟುತ್ತಾರಲ್ಲ, ಅಂಥದ್ದೇ ಕ್ಯಾಮೆರಾ ತರಿಸಿದೆ. ಎದುರಿಗೆ ಏನಾದರೂ ಹಾದರೆ ತಾನೇ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತದೆ. ಬೇಟೆಗಾರರಿಗೆ ಇದೇ ಶ್ರೇಷ್ಠ ಎಂದು ಡಬ್ಬದ ಮೇಲೆ ಬರೆದಿತ್ತು. ಬೇಟೆ ಆಡಿದರೆ ಜೈಲು ಎನ್ನುವುದು ಹಾಗಿರಲಿ, ನಮ್ಮ ಮನೆಯಲ್ಲಿ ಜಿರಳೆ ಹೊಡೆಯುವುದಕ್ಕೂ ಹೆಂಡತಿಯೇ ಬರಬೇಕು.

ಸುದ್ದಿ ತಿಳಿದ ಭಾಮೈದ ಮಾದೇಶ ಟಿ. ನರಸೀಪುರದಿಂದ ಬಸ್ಸು ಹತ್ತಿ ಬಂದ. ಅವನ ಚೀಲದಲ್ಲೂ ಒಂದು ಹೊಸ ಕ್ಯಾಮೆರಾ! “ಭಾವ, ನಿಮ್ದು ಫೋನಿಗೆ ಕಳಿಸ್ತದೆ, ಒಪ್ದೆ. ಆದ್ರೆ ಫೋಟೋದಲ್ಲಿ ಏನಾದ್ರೂ ಕಾಣ್ಬೇಕಲ್ಲ? ನಂದ್ರ ಲೆನ್ಸ್ ನೋಡಿ” ಎಂದ. ಅವನದರಲ್ಲಿ ಫೋಟೋ ನೋಡಬೇಕಾದರೆ ಮರದ ಬುಡಕ್ಕೇ ಹೋಗಿ ಕಾರ್ಡು ತೆಗೆಯಬೇಕು ಎಂದು ನಾನೂ ಚುಚ್ಚಿದೆ. ಕೊನೆಗೆ ಪರೀಕ್ಷೆಯೇ ಆಗಿಬಿಡಲಿ ಎಂದುಕೊಂಡೆವು. ಒಬ್ಬನಿಗೇ ಒಳ್ಳೆಯ ಜಾಗ ಸಿಕ್ಕಿತು ಎಂಬ ಮಾತು ಬರಬಾರದೆಂದು ನನ್ನದನ್ನು ಹೊಂಗೆ ಮರಕ್ಕೂ ಅವನದನ್ನು ಎದುರಿನ ಬೇವಿನ ಮರಕ್ಕೂ ಮುಖಾಮುಖಿ ಕಟ್ಟಿದೆವು.

ಮಾರನೆಯ ಬೆಳಿಗ್ಗೆ ನೋಡಿದರೆ ನನ್ನ ಫೋನಿಗೆ ರಾತ್ರಿಯ ಫೋಟೋ ಬಂದಿತ್ತು. ಸುತ್ತ ಕತ್ತಲು, ನಡುವೆ ಪಕ್ಕಪಕ್ಕ ಹೊಳೆಯುವ ಎರಡು ಕಣ್ಣು. “ಚಿರತೆ!” ಎಂದೆ. ಹಾಲಿನ ಡೇರಿಯ ಮುಂದೆ ನಿಂತು, ಬೆಳಕು ಬಿದ್ದರೆ ಪ್ರಾಣಿಗಳ ಕಣ್ಣು ಏಕೆ ಹೊಳೆಯುತ್ತದೆ ಎಂದು ಪೂರ್ತಿ ಪಾಠವನ್ನೇ ಮಾಡಿದೆ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ, ಎಲ್ಲರೂ ನಂಬಿದರು. ಆ ಕಡೆ ಯಾರೂ ಕಾಲಿಡಲಿಲ್ಲ. ಮಾದೇಶನಿಗೂ ಕಾರ್ಡು ತರುವ ಧೈರ್ಯವಾಗಲಿಲ್ಲ. ನನಗೆ ಒಳಗೊಳಗೇ ಬಹಳ ಸಂತೋಷವಾಯಿತು.

ಮೂರನೆಯ ದಿನ ಪಕ್ಕದ ಹೊಲದ ಪುಟ್ಟಮಾದಮ್ಮ ಜಗಲಿಗೆ ಬಂದರು. ಎರಡು ಹಸುವಿನ ಹಾಲಿನಲ್ಲೇ ಅವರ ಸಂಸಾರ ನಡೆಯುವುದು. ಹಸಿಹುಲ್ಲು ಕೊಯ್ಯುವುದು ನಮ್ಮ ಬದುವಿನ ಮೇಲೆ. “ಮೇಷ್ಟ್ರೇ, ಮೂರು ದಿವ್ಸದಿಂದ ಅಸ ಬರೀ ಒಣಗಿದುಲ್ಲು ತಿಂತಾವೆ. ಆಲು ಅರ್ಧಕ್ಕರ್ಧ ಇಳ್ದೋಯ್ತು. ಎಲ್ಲಿ, ಆ ಚಿರ್ತೆ ತೋರ್ಸಿ” ಎಂದರು. ಮೂರೂ ರಾತ್ರಿಯ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ಒಂದೊಂದನ್ನೇ ನೋಡಿದರು.

“ಇಲ್ಲಿ ಮಸುಕಾಗಿ ಕಾಣ್ತಿರೋದು ಬೇವಿನ ಮರ ಅಲ್ವಾ? ಚಿರ್ತೆ ಮೂರು ದಿವ್ಸದಿಂದ ಕದಲ್ದೆ ಒಂದೇ ತಾವು ನಿಂತದಾ? ನಿಮ್ ಬಾಮೈದ್ರು ಡಬ್ಬ ಕಟ್ಟವ್ರಲ್ಲಾ, ಅದೇ ಇರ್ಬೇಕು ನೋಡಿ ಸಾ.”

ಮಾದೇಶನನ್ನೂ ಕರೆದುಕೊಂಡು ಮೂವರೂ ಹೋಗಿ ನೋಡಿದೆವು. ಅವನ ಕ್ಯಾಮೆರಾದ ಎರಡು ಬದಿಗೂ ರಾತ್ರಿಯ ಫೋಟೋಗೆಂದು ದೀಪದ ಗೊಂಚಲು. ಅವನ ಕಾರ್ಡಿನಲ್ಲೂ ಒಂದು ಚಿರತೆ ಇತ್ತು, ಅದು ನನ್ನ ಕ್ಯಾಮೆರಾ. ನಡುವೆ ಇಲಿಯೋ ಮುಂಗುಸಿಯೋ ಓಡಿದಾಗಲೆಲ್ಲ ಇವೆರಡೂ ಒಂದನ್ನೊಂದು ನೋಡಿ ಕಣ್ಣು ಬಿಟ್ಟಿವೆ. ಬೆಳಕಿನ ಪಾಠ ಮೂವತ್ತು ವರ್ಷ ಮಾಡಿದವನು ನಾನು. ಆ ಹಸುಗಳನ್ನು ನೆನೆದು ನಿಜಕ್ಕೂ ನಾಚಿಕೆಯಾಯಿತು. “ಕೊಡಿ ಇಲ್ಲಿ” ಎಂದು ಪುಟ್ಟಮಾದಮ್ಮನ ಕೈಯಿಂದ ಕುಡುಗೋಲು ಇಸಿದುಕೊಂಡು ನಾನೇ ಹುಲ್ಲು ಕೊಯ್ದೆ. ಹೊರೆ ಹೊತ್ತು ಹೊರಟಾಗ ಅದು ಕಣ್ಣಿನವರೆಗೂ ಇಳಿಯಿತು, ಪಂಚೆ ಮಂಡಿಯ ಮೇಲಕ್ಕೆ ಹೋಯಿತು.

ಕ್ಯಾಮೆರಾ ಎರಡನ್ನೂ ಇನ್ನೂ ಬಿಚ್ಚಿರಲಿಲ್ಲ, ಮಾದೇಶ ಕಾರ್ಡನ್ನೂ ವಾಪಸ್ಸು ಹಾಕಿದ್ದ. ನನ್ನದು ತಡವಾಗಿ ಎಚ್ಚೆತ್ತು, ಹುಲ್ಲಿನ ಬಾಲವನ್ನಷ್ಟೇ ಫೋನಿಗೆ ಕಳಿಸಿತು. ಮಾದೇಶನದು ಪೂರ್ತಿ ಹಿಡಿದಿತ್ತು: ಬಾಗಿದ ಬೆನ್ನು, ಸಣಕಲು ಕಾಲು, ತಲೆಯ ಜಾಗದಲ್ಲಿ ಹುಲ್ಲು. ಅವನು ಅದನ್ನು ನೆಂಟರಿಗೆಲ್ಲ ಕಳಿಸಿ, ಇದು ಯಾವ ಪ್ರಾಣಿ ಹೇಳಿ ಎಂದು ಕೇಳಿದ. ಇಷ್ಟು ದೊಡ್ಡದು ತಿರುಗಾಡುವಾಗ ಗೆಣಸು ಹೋಗದೆ ಇನ್ನೇನಾದೀತು ಎಂದು ನನ್ನ ಹೆಂಡತಿಯೇ ಮೊದಲು ಉತ್ತರ ಬರೆದಳು. ಫೋಟೋ ದೊಡ್ಡದು ಮಾಡಿ ನೋಡಿದೆ. ಮಂಡಿಯ ಮೇಲಿನ ಹಳೆಯ ಗಾಯದ ಗುರುತೂ ಕಾಣುತ್ತಿತ್ತು. ಒಪ್ಪಿಕೊಂಡುಬಿಟ್ಟೆ, ಅವನದೇ ಒಳ್ಳೆಯ ಕ್ಯಾಮೆರಾ.